ಬಾರದ ಹಣದ ಮೇಲೆ ಬಜೆಟ್ ಕಟ್ಟಬೇಡಿ: ನಮ್ಮ ನಗರಸಭೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸರ್ವ ಸದಸ್ಯರು,
ಮಾನ್ಯ ಪೌರಾಯುಕ್ತರು,
ನಗರಸಭೆ.

ವಿಷಯ: 2026-27ನೇ ಸಾಲಿನ ಆಯವ್ಯಯ ಅಂದಾಜನ್ನು ತಯಾರಿಸುವ ಕ್ರಮದ ಬಗ್ಗೆ ಮನವಿ.

ಮಾನ್ಯರೇ,

ಕಳೆದ ವಾರ ನಗರಸಭೆಯ ಸಭಾಂಗಣದಲ್ಲಿ ನಡೆದ ಬಜೆಟ್ ಪೂರ್ವಭಾವಿ ಸಭೆಯಲ್ಲಿ ನಾನೂ ಕುಳಿತಿದ್ದೆ. ಎರಡೂವರೆ ಗಂಟೆಯ ಸಭೆಯಲ್ಲಿ ಮಾತನಾಡಿದವರೆಲ್ಲ ತಮ್ಮ ತಮ್ಮ ಓಣಿಗೆ ಬೇಕಾದದ್ದನ್ನು ಕೇಳಿದರು. ಒಬ್ಬರಿಗೆ ಗಟಾರು ಬೇಕು, ಒಬ್ಬರಿಗೆ ಕಾಂಕ್ರೀಟ್ ರಸ್ತೆ ಬೇಕು, ಸ್ಮಶಾನಕ್ಕೆ ಕಾಂಪೌಂಡು ಬೇಕು, ತರಕಾರಿ ಮಾರುವ ಹೆಣ್ಣುಮಕ್ಕಳಿಗೆ ಮಾರುಕಟ್ಟೆಯಲ್ಲಿ ಶೌಚಾಲಯ ಬೇಕು, ಬೀದಿನಾಯಿಗಳ ಕಾಟ ತಪ್ಪಬೇಕು. ಇವೆಲ್ಲವೂ ನ್ಯಾಯವಾದ ಬೇಡಿಕೆಗಳೇ, ಅಧಿಕಾರಿಗಳು ಎಲ್ಲವನ್ನೂ ಬರೆದುಕೊಂಡರು. ಆದರೆ ಬರುವ ವರ್ಷ ನಗರಸಭೆಯ ಕೈಗೆ ನಿಜವಾಗಿ ಎಷ್ಟು ಹಣ ಬರಬಹುದು ಎಂದು ಕೆಳಗೆ ಕುಳಿತವರು ಯಾರೂ ಕೇಳಲಿಲ್ಲ, ವೇದಿಕೆಯ ಮೇಲಿದ್ದವರೂ ತಾವಾಗಿ ಹೇಳಲಿಲ್ಲ. ನಾನು ಕೈ ಎತ್ತುವ ಹೊತ್ತಿಗೆ ವಂದನಾರ್ಪಣೆ ಶುರುವಾಗಿತ್ತು. ಅಂದು ಹೇಳಲಾಗದ ಮಾತನ್ನು ಈ ಪತ್ರದಲ್ಲಿ ತಮ್ಮ ಮುಂದೆಯೂ ಊರಿನ ಮುಂದೆಯೂ ಇಡುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ನಗರಸಭೆಯ ಕಳೆದ ಐದು ಸಾಲುಗಳ ಬಜೆಟ್ ಪ್ರತಿಗಳನ್ನೂ ವಾರ್ಷಿಕ ಲೆಕ್ಕಪತ್ರಗಳನ್ನೂ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಪಡೆದು, ಒಂದರ ಪಕ್ಕ ಒಂದನ್ನು ಇಟ್ಟುಕೊಂಡು ಓದಿದ್ದೇನೆ. ಐದೂ ವರ್ಷ ನಮ್ಮ ಊರಿನಲ್ಲಿ ಉಳಿತಾಯ ಬಜೆಟ್ಟೇ ಮಂಡನೆಯಾಗಿದೆ, ಮರುದಿನದ ಪತ್ರಿಕೆಗಳಲ್ಲಿ ಅದೇ ತಲೆಬರಹ ಬಂದಿದೆ. ಬಜೆಟ್ ಪುಸ್ತಕದಲ್ಲಿ ಹಿಂದಿನ ಸಾಲಿನ ವಾಸ್ತವ, ಚಾಲ್ತಿ ಸಾಲಿನ ಪರಿಷ್ಕೃತ ಅಂದಾಜು, ಮುಂದಿನ ಸಾಲಿನ ಅಂದಾಜು ಎಂದು ಮೂರು ಕಾಲಂಗಳಿರುವುದು ತಮಗೆ ಗೊತ್ತೇ ಇದೆ. ಮೊದಲ ಕಾಲಂ ನಿಜವಾಗಿ ಬಂದದ್ದನ್ನು ಹೇಳುತ್ತದೆ. ಮುಂದಿನ ವರ್ಷದ ಲೆಕ್ಕ ಅಲ್ಲಿಂದ ಹೊರಡಬೇಕು. ನಮ್ಮಲ್ಲಿ ಅದು ಎರಡನೆಯ ಕಾಲಂನಿಂದ ಹೊರಡುತ್ತಿದೆ, ಅಂದರೆ ಕಳೆದ ವರ್ಷದ ಆಸೆಯ ಮೇಲೆ ಈ ವರ್ಷದ ಆಸೆಯನ್ನು ಕೂಡಿಸಿ ಬರೆಯಲಾಗುತ್ತಿದೆ. ಅಂಕಿಗಳು ತಮ್ಮ ಕಡತದಲ್ಲೇ ಇರುವುದರಿಂದ ಇಲ್ಲಿ ಒಂದೊಂದಾಗಿ ಬರೆಯುವುದಿಲ್ಲ.

ಇದು ಹೇಗೆ ಆಗುತ್ತದೆ ಎನ್ನುವುದನ್ನು ಲೆಕ್ಕ ಗೊತ್ತಿಲ್ಲದವರಿಗೂ ತಿಳಿಯುವಂತೆ ಹೇಳಬೇಕು. 2006ರ ಲೆಕ್ಕಪತ್ರ ಮತ್ತು ಬಜೆಟ್ ನಿಯಮಗಳು ಬಂದ ಮೇಲೆ ಪುರಸಭೆ, ನಗರಸಭೆಗಳಲ್ಲಿ ಆಸ್ತಿ ತೆರಿಗೆಯ ಬೇಡಿಕೆ ಹೊರಡಿಸಿದಾಗಲೇ ಅದನ್ನು ಆದಾಯವೆಂದು ಪುಸ್ತಕದಲ್ಲಿ ತೋರಿಸುವ ಪದ್ಧತಿ ಇದೆ. ಪದ್ಧತಿಯಲ್ಲಿ ತಪ್ಪಿಲ್ಲ, ಯಾರು ಎಷ್ಟು ಬಾಕಿ ಇದ್ದಾರೆಂಬುದು ಅದರಿಂದ ತಿಳಿಯುತ್ತದೆ. ಆದರೆ ಬೇಡಿಕೆಯನ್ನೇ ಕೈಗೆ ಬಂದ ಹಣ ಎಂದುಕೊಂಡು ಖರ್ಚು ಹಂಚಿದರೆ ಏನಾಗುತ್ತದೆ ನೋಡಿ. ಒಂದು ವರ್ಷ ನೂರು ರೂಪಾಯಿ ಬೇಡಿಕೆ ಇದ್ದು ಅರವತ್ತು ವಸೂಲಾಯಿತು ಎಂದಿಟ್ಟುಕೊಳ್ಳೋಣ. ಉಳಿದ ನಲವತ್ತು ಮರುವರ್ಷದ ನೂರಕ್ಕೆ ಸೇರಿ ಬೇಡಿಕೆ ನೂರ ನಲವತ್ತಾಗುತ್ತದೆ. ಅಷ್ಟೂ ಬರುತ್ತದೆಂದು ಬರೆದು ನೂರ ಮೂವತ್ತೈದಕ್ಕೆ ಕಾಮಗಾರಿ ಹಂಚಿದರೆ ಐದು ರೂಪಾಯಿ ಉಳಿತಾಯವಾದಂತೆ ಕಾಣುತ್ತದೆ. ವಸೂಲಿ ಮಾತ್ರ ಮತ್ತೆ ಅರವತ್ತೇ. ಡಿಸಿಬಿ ವಹಿಯ ಬೇಡಿಕೆ, ವಸೂಲಿ, ಬಾಕಿ ಎಂಬ ಮೂರು ಅಂಕಣಗಳಲ್ಲಿ ಬಜೆಟ್ಟಿಗೆ ಬೇಕಾದದ್ದು ನಡುವಿನದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಸಭೆಯಲ್ಲಿ ಇಬ್ಬರು ಸದಸ್ಯರು ಹೇಳಿದರು. ಆ ಮಾತಿಗೆ ನನ್ನ ಪೂರ್ಣ ಸಮ್ಮತಿ ಇದೆ, ಆದ್ದರಿಂದಲೇ ಹಾಸಿಗೆಯನ್ನು ಮೊದಲು ಅಳೆಯಿರಿ ಎಂದು ಕೇಳುತ್ತಿದ್ದೇನೆ.

ಬರಬೇಕಾದ ಹಣ ಬಾರದಿದ್ದಾಗ ಬಜೆಟ್ಟಿನಲ್ಲಿ ಕಡಿತ ಆಗಿಯೇ ಆಗುತ್ತದೆ. ಆ ಕಡಿತವನ್ನು ತಾವು ಯಾರೂ ಸಭೆಯಲ್ಲಿ ಕುಳಿತು ತೀರ್ಮಾನಿಸುವುದಿಲ್ಲ ಎನ್ನುವುದೇ ನನ್ನ ಮುಖ್ಯ ದೂರು. ಕಾರ್ಯಾದೇಶ ಪಡೆದ ಗುತ್ತಿಗೆದಾರ ಬಿಲ್ಲು ಹಿಡಿದು ಕಚೇರಿಗೆ ಬರುತ್ತಾನೆ, ಕೋರ್ಟಿಗೂ ಹೋಗಬಲ್ಲ. ಹಾಗೆ ಬರಲಾಗದವರ ಬಾಬತ್ತು ತಾನಾಗಿ ಹಿಂದೆ ಬೀಳುತ್ತದೆ. ಕಳೆದ ಬೇಸಿಗೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ನದಿಯಿಂದ ನೀರೆತ್ತುವ ಬಾವಿಯ (ಜಾಕ್‌ವೆಲ್) ಮೋಟಾರು ಸುಟ್ಟಿತು. ಬದಲಿ ಮೋಟಾರು ಇರಲಿಲ್ಲ, ಹಿಂದಿನ ರಿಪೇರಿಯ ಹಣ ಸಂದಾಯವಾಗದೆ ಇದ್ದುದರಿಂದ ವೈಂಡಿಂಗ್ ಅಂಗಡಿಯವರು ಮುಂಗಡವಿಲ್ಲದೆ ಕೆಲಸ ಮಾಡಲು ಒಪ್ಪಲಿಲ್ಲ. ನಮ್ಮ ವಾರ್ಡಿಗೆ ಹನ್ನೊಂದು ದಿನ ನಲ್ಲಿ ನೀರು ಬರಲಿಲ್ಲ. ಆ ಹನ್ನೊಂದು ದಿನವೂ ನನ್ನ ಮನೆಯ ಎದುರಿನ ಕಟ್ಟೆಯ ಮೇಲೆ ಕೊಡಗಳ ಸಾಲು ಇತ್ತು, ಕೂಲಿಗೆ ಹೋಗುವ ಹೆಂಗಸರು ಟ್ಯಾಂಕರ್ ಕಾಯುತ್ತ ದಿನದ ಕೂಲಿಯನ್ನೇ ಕಳೆದುಕೊಂಡರು. ಅದೇ ತಿಂಗಳು, ಹೊರಗುತ್ತಿಗೆಯಲ್ಲಿ ದುಡಿಯುವ ನಮ್ಮ ಓಣಿಯ ವಾಲ್ವ್‌ಮನ್ ಒಂದು ಸಂಜೆ ಬಂದು, 'ಸಾಹೇಬ್ರ, ಮೂರು ತಿಂಗಳಾತು ಪಗಾರ ಬಂದಿಲ್ಲ, ಮಗಳ ಫೀಸು ಕಟ್ಟಬೇಕು' ಎಂದು ಎರಡು ಸಾವಿರ ರೂಪಾಯಿ ಕೈಗಡ ಕೇಳಿದ. ಹಣ ಕೊಟ್ಟೆ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನ ಪಗಾರ ನಿಲ್ಲಿಸಬೇಕೆಂದು ಯಾವ ಸಭೆಯೂ ಠರಾವು ಮಾಡಿರಲಿಲ್ಲ. ಅದೇ ವರ್ಷದ ಬಜೆಟ್ಟಿನಲ್ಲಿ ಊರ ಹೆಬ್ಬಾಗಿಲಿಗೆ ಸ್ವಾಗತ ಕಮಾನು ಕಟ್ಟಲು ಹಣ ತೆಗೆದಿಟ್ಟಿದ್ದನ್ನು ಮಾತ್ರ ಸಭೆ ಸರ್ವಾನುಮತದಿಂದ ಒಪ್ಪಿತ್ತು, ಕಮಾನು ಎದ್ದು ನಿಂತಿದೆ.

ಕಾಲ ಚೆನ್ನಾಗಿದ್ದಾಗ ಇಂಥ ಬಜೆಟ್ ಹೇಗೋ ನಡೆದುಹೋಗುತ್ತದೆ. ಈಗಿನ ಕಾಲ ಹಾಗಿಲ್ಲ. ನಮ್ಮದು ಸುತ್ತಲಿನ ಹಳ್ಳಿಗಳ ಬೆಳೆಯನ್ನು ನಂಬಿದ ಊರು. 2020ರ ಮಾರ್ಚ್ 25ರಂದು ದೇಶವೇ ಲಾಕ್‌ಡೌನ್ ಆದಾಗ ನಗರಸಭೆಯ ಹೊಸ ಬಜೆಟ್ ಜಾರಿಗೆ ಬರಲು ಒಂದು ವಾರವಷ್ಟೇ ಉಳಿದಿತ್ತು, ಆ ವರ್ಷದ ಅಂದಾಜುಗಳು ಮೊದಲ ದಿನದಿಂದಲೇ ಅರ್ಥ ಕಳೆದುಕೊಂಡವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಘೋಷಿಸಿತು. 2025ರಲ್ಲಿ ಬೆಳೆ ಬಂದರೂ ಬೆಲೆ ಬರಲಿಲ್ಲ. ಗೋವಿನಜೋಳಕ್ಕೆ ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇದ್ದರೆ, ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಮಾರಬೇಕಾಗಿ ಬಂದು ನಮ್ಮ ಭಾಗದ ರೈತರು ನವೆಂಬರಿನಲ್ಲಿ ರಸ್ತೆಗಿಳಿದದ್ದನ್ನು ತಾವೂ ಕಂಡಿದ್ದೀರಿ. ರೈತನ ಕೈಗೆ ದುಡ್ಡು ಬಾರದಿದ್ದರೆ ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಸಂತೆ ಎಲ್ಲವೂ ಬಿಕೋ ಎನ್ನುತ್ತವೆ. ಅಲ್ಲಿಂದ ಮುಂದಕ್ಕೆ ನಗರಸಭೆ ಮಳಿಗೆಗಳ ಬಾಡಿಗೆ ನಿಲ್ಲುತ್ತದೆ, ಸಂತೆ ಸುಂಕದ ಹರಾಜಿಗೆ ಬಿಡ್ಡುದಾರರು ಹಿಂದೇಟು ಹಾಕುತ್ತಾರೆ, ಮನೆ ಕಟ್ಟುವವರು ಮುಂದಿನ ವರ್ಷ ನೋಡೋಣ ಎನ್ನುವುದರಿಂದ ಕಟ್ಟಡ ಪರವಾನಗಿ ಶುಲ್ಕವೂ ಇಳಿಯುತ್ತದೆ.

ಮೇಲಿನಿಂದ ಬರುವ ಹಣವೂ ಗಟ್ಟಿಯಲ್ಲ. ಹಿರಿಯರಿಗೆ ನೆನಪಿರಬಹುದು, ಒಂದು ಕಾಲಕ್ಕೆ ಊರಿನ ನಾಲ್ಕೂ ದಿಕ್ಕಿಗೆ ಜಕಾತಿ ನಾಕೆಗಳಿದ್ದವು, ಊರಿಗೆ ಸರಕು ಬಂದಂತೆಲ್ಲ ಊರಿನ ಬೊಕ್ಕಸಕ್ಕೆ ಹಣ ಬರುತ್ತಿತ್ತು. 1979ರಲ್ಲಿ ರಾಜ್ಯದಲ್ಲಿ ಜಕಾತಿ ರದ್ದಾದ ಮೇಲೆ ನಮ್ಮಂಥ ಊರುಗಳು ಸರ್ಕಾರದ ಅನುದಾನವನ್ನು ಕಾಯುವಂತಾಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಹದಿನೆಂಟು ವಿಷಯಗಳನ್ನು ನಗರಾಡಳಿತಕ್ಕೆ ಹೆಸರಿಸಿತು, ಅಷ್ಟೇ ಪ್ರಮಾಣದ ಆದಾಯದ ಮೂಲ ಮಾತ್ರ ಕೈಗೆ ಬರಲಿಲ್ಲ. ಇದು ತಮ್ಮ ತಪ್ಪಲ್ಲ, ಅದನ್ನು ಮೊದಲು ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತೇನೆ. ಸ್ಥಳೀಯ ಸಂಸ್ಥೆಗಳಿಗೆ ಅನುದಾನ ಎಷ್ಟೆಂದು ಶಿಫಾರಸು ಮಾಡುವ ಕೇಂದ್ರದ 15ನೇ ಹಣಕಾಸು ಆಯೋಗದ ಅವಧಿ 2026ರ ಮಾರ್ಚ್ 31ಕ್ಕೆ ಮುಗಿಯುತ್ತದೆ. 16ನೇ ಆಯೋಗದ ಐದು ವರ್ಷಗಳು ಏಪ್ರಿಲ್ 1ರಿಂದ ಆರಂಭ. ಹೊಸ ಆಯೋಗದ ಹಂಚಿಕೆಯ ಸೂತ್ರ, ಷರತ್ತು, ಮೊದಲ ಕಂತಿನ ಸಮಯ ಎಲ್ಲವೂ ಹಳೆಯದರಂತೆಯೇ ಇರುತ್ತವೆ ಎಂದು ನಂಬಿ, ಹಳೆಯ ಅಂಕಿಗೆ ಹತ್ತು ಪರ್ಸೆಂಟ್ ಸೇರಿಸಿ ಬರೆಯುವುದು ಈ ವರ್ಷವಂತೂ ಸರಿಯಲ್ಲ. ರಾಜ್ಯ ಹಣಕಾಸು ಆಯೋಗದ ಮುಕ್ತನಿಧಿ, ಅಂದರೆ ಇಂಥದ್ದಕ್ಕೇ ಎಂದು ಕಟ್ಟಿಹಾಕದ ಅನುದಾನ, ರಾಜ್ಯದ ಸ್ವಂತ ಆದಾಯವನ್ನು ಅವಲಂಬಿಸಿದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಇಳಿದದ್ದು ಗ್ರಾಹಕರಿಗೆ ಒಳ್ಳೆಯದೇ, ಆದರೆ ಅದರಿಂದ ತನ್ನ ವರಮಾನಕ್ಕೆ ಪೆಟ್ಟು ಬೀಳುತ್ತದೆಂದು ರಾಜ್ಯ ಸರ್ಕಾರವೇ ಹೇಳುತ್ತಿರುವಾಗ ನಗರಸಭೆ ಎಚ್ಚರದಿಂದ ಇರಬೇಡವೇ?

ಬರುವ ಅನುದಾನವೂ ಬೇಕಾದ ಕಡೆ ಖರ್ಚು ಮಾಡುವ ಹಣವಲ್ಲ. 15ನೇ ಆಯೋಗ ನಮ್ಮಂಥ, ಹತ್ತು ಲಕ್ಷಕ್ಕಿಂತ ಕಡಿಮೆ ಜನರಿರುವ ನಗರಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಹಾಕಿದ ಹಣವಾಗಿತ್ತು, ಉಳಿದ ಶೇ 40ನ್ನೂ ಸಂಬಳಕ್ಕೆ ಬಳಸುವಂತಿರಲಿಲ್ಲ. ಹಾಗಾಗಿ ವಾಲ್ವ್‌ಮನ್, ಲೋಡರ್, ಕಸದ ಗಾಡಿಯ ಡ್ರೈವರ್ ಇವರ ಪಗಾರದ ಹೊರೆ ಕೊನೆಗೆ ಬೀಳುವುದು ಸ್ವಂತ ನಿಧಿಯ ಮೇಲೆಯೇ. ಬಜೆಟ್ ಭಾಷಣದಲ್ಲಿ ಒಟ್ಟು ಗಾತ್ರವನ್ನು ದೊಡ್ಡದಾಗಿ ಹೇಳುವಾಗ ಈ ಸಣ್ಣ ಸ್ವಂತ ನಿಧಿ ಕಣ್ಣಿಗೆ ಬೀಳುವುದೇ ಇಲ್ಲ. ನಾವು ಆಸ್ತಿ ತೆರಿಗೆಯ ಜೊತೆಗೆ ಕಟ್ಟುವ ಶೇ 6ರ ಗ್ರಂಥಾಲಯ ಸೆಸ್ಸಾಗಲಿ, ಭಿಕ್ಷುಕರ ಸೆಸ್ಸಾಗಲಿ ನಗರಸಭೆಯ ಹಣವಲ್ಲ. ವಸೂಲಿ ಮಾಡಿ ಆಯಾ ಇಲಾಖೆಗೆ ದಾಟಿಸಬೇಕಾದ ಹಣ ಅದು. ಅದನ್ನು ದಾಟಿಸದೆ ಖಾತೆಯಲ್ಲೇ ಇಟ್ಟುಕೊಂಡು ವರ್ಷಾಂತ್ಯದ ಶಿಲ್ಕು ಎಂದು ತೋರಿಸಿದರೆ, ಆ ಶಿಲ್ಕಿನ ಒಂದು ಭಾಗ ಓದುವ ಮಕ್ಕಳ ಪುಸ್ತಕದ ಹಣವೇ ಆಗಿರುತ್ತದೆ.

ಇನ್ನೊಂದು ಆದಾಯದ ಬಗ್ಗೆ ವಿಶೇಷವಾಗಿ ಎಚ್ಚರಿಸಬೇಕಾಗಿದೆ. 2025ರ ಫೆಬ್ರುವರಿಯಲ್ಲಿ ಆರಂಭವಾದ ಬಿ-ಖಾತಾ ಅಭಿಯಾನದಿಂದ ಅನಧಿಕೃತ ಬಡಾವಣೆಗಳ ಆಸ್ತಿಗಳೂ ತೆರಿಗೆಯ ವ್ಯಾಪ್ತಿಗೆ ಬಂದವು, ಮೊದಲ ಸಲ ದುಪ್ಪಟ್ಟು ತೆರಿಗೆ ಕಟ್ಟಿಸಿಕೊಳ್ಳಲಾಯಿತು. ನಮ್ಮ ನಗರಸಭೆಯ ಮುಂದೆಯೂ ಬೆಳಿಗ್ಗೆಯಿಂದ ಸರದಿ ನಿಂತಿತ್ತು. ಒಳ್ಳೆಯ ಕೆಲಸ, ಸಿಬ್ಬಂದಿ ರಜಾ ದಿನವೂ ದುಡಿದದ್ದನ್ನು ನಾನು ನೋಡಿದ್ದೇನೆ. ಆದರೆ ಮೊದಲ ಸಲದ ದುಪ್ಪಟ್ಟು ಎರಡನೆಯ ವರ್ಷ ಇರುವುದಿಲ್ಲ. ಆ ವರ್ಷದ ವಸೂಲಿಯನ್ನು ಬುನಾದಿ ಮಾಡಿಕೊಂಡು ಪ್ರತಿ ವರ್ಷದ ಖರ್ಚು ಬೆಳೆಸಿದರೆ ಮುಂದೆ ಅದನ್ನು ತುಂಬಿಕೊಡುವ ಮೂಲ ಇಲ್ಲ. ಜೊತೆಗೆ ಆ ಬಡಾವಣೆಗಳ ಜನ ಈಗ ತೆರಿಗೆ ರಸೀದಿ ಹಿಡಿದು ರಸ್ತೆ, ನೀರು, ದೀಪ ಕೇಳುತ್ತಾರೆ, ಕೇಳುವ ಹಕ್ಕೂ ಅವರಿಗಿದೆ. ಒಂದು ಸಲ ಬಂದ ಹಣವನ್ನು ಒಂದೇ ಸಲ ಆಗುವ ಕೆಲಸಕ್ಕೆ ಬಳಸಿ ಎಂದು ಕೋರುತ್ತೇನೆ. ನನ್ನ ಮಟ್ಟಿಗೆ ಹೇಳುವುದಾದರೆ ಬದಲಿ ಮೋಟಾರು, ಸೋರುವ ಮುಖ್ಯ ಕೊಳವೆಯ ಬದಲಾವಣೆ, ನೀರಿನ ಮೀಟರುಗಳು ಇವೇ ಅಂಥ ಕೆಲಸಗಳು.

ಯೋಜನೆಗಳ ವಿಷಯದಲ್ಲೂ ಇದೇ ತೊಡಕು ಇದೆ. ನಗರಗಳ ನೀರು ಪೂರೈಕೆಗೆಂದು ಕೇಂದ್ರ ತಂದ ಅಮೃತ್ 2.0ರಂಥ ಯೋಜನೆಗಳಲ್ಲಿ ಕಟ್ಟುವ ಹಣದ ಬಹುಪಾಲು ಮೇಲಿನಿಂದ ಬರುತ್ತದೆ. ಕಟ್ಟಿದ ಮೇಲೆ ಪಂಪು ಓಡಿಸುವ ಕರೆಂಟಿನ ಬಿಲ್ಲು, ಆಪರೇಟರ್ ಸಂಬಳ, ಶುದ್ಧೀಕರಣದ ಆಲಂ ಮತ್ತು ಕ್ಲೋರಿನ್ ಖರ್ಚು ಇಲ್ಲಿಯೇ ಹುಟ್ಟಬೇಕು. ಹೊಸ ಓವರ್‌ಹೆಡ್ ಟ್ಯಾಂಕಿನ ಶಂಕುಸ್ಥಾಪನೆಯ ದಿನವೇ ಅದನ್ನು ಹತ್ತು ವರ್ಷ ನಡೆಸುವ ಖರ್ಚು ಯಾರು ಕೊಡುತ್ತಾರೆ ಎಂಬ ಒಂದು ಹಾಳೆಯ ಲೆಕ್ಕ ಸಭೆಯ ಮುಂದೆ ಬರಬೇಕು. ಇದು ನನ್ನ ಕಲ್ಪನೆಯ ಬೇಡಿಕೆಯಲ್ಲ. ಸ್ಥಳೀಯ ಸಂಸ್ಥೆಗಳ ವಿತ್ತೀಯ ಹೊಣೆಗಾರಿಕೆಗೆಂದು 2003ರಲ್ಲಿ ರಾಜ್ಯ ಮಾಡಿದ ಕಾಯ್ದೆ ವಾರ್ಷಿಕ ಬಜೆಟ್ಟಿನ ಜೊತೆಗೆ ಮಧ್ಯಮಾವಧಿಯ ವಿತ್ತೀಯ ಯೋಜನೆಯನ್ನೂ ಬಯಸುತ್ತದೆ. ನಾನು ಪಡೆದ ಐದು ವರ್ಷಗಳ ಕಡತದಲ್ಲಿ ಅಂಥದೊಂದು ಕಾಗದ ನನಗೆ ಸಿಗಲಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಕಳೆದ ಮೂರು ವರ್ಷ ನಿಜವಾಗಿ ವಸೂಲಾದ ಮೊತ್ತದ ಸರಾಸರಿಗಿಂತ ಹೆಚ್ಚಿನ ಅಂಕಿಯನ್ನು ಯಾವ ಆದಾಯದ ಬಾಬತ್ತಿನಲ್ಲಿ ಬರೆದರೂ, ಆ ಹೆಚ್ಚಳ ಎಲ್ಲಿಂದ ಬರುತ್ತದೆ ಎಂಬ ಕಾರಣವನ್ನು ಪಕ್ಕದಲ್ಲೇ ಒಂದು ಸಾಲಿನಲ್ಲಿ ಬರೆಯಬೇಕು. ಬಾಕಿ ವಸೂಲಿಯಿಂದ ಎನ್ನುವುದಾದರೆ, ಯಾರ ಬಾಕಿ, ಯಾವ ತಿಂಗಳೊಳಗೆ, ಎಷ್ಟು ಜನ ಬಿಲ್ ಕಲೆಕ್ಟರುಗಳಿಂದ ಎಂಬುದೂ ಇರಬೇಕು. ದೊಡ್ಡ ಬಾಕಿದಾರರನ್ನು ಬಿಟ್ಟು ಸಣ್ಣ ಮನೆಗಳ ನಲ್ಲಿ ಕಿತ್ತುಹಾಕುವ ವಸೂಲಿಯನ್ನು ನಾನು ಕೇಳುತ್ತಿಲ್ಲ.

ಎರಡನೆಯ ಕೋರಿಕೆಯೇ ಈ ಪತ್ರದ ತಿರುಳು. ಅಂದಾಜಿಗಿಂತ ಹಣ ಕಡಿಮೆ ಬಂದರೆ ಯಾವುದನ್ನು ಮೊದಲು ನಿಲ್ಲಿಸಬೇಕು, ಯಾವುದನ್ನು ಕೊನೆಯವರೆಗೂ ಮುಟ್ಟಬಾರದು ಎಂಬ ಪಟ್ಟಿಯನ್ನು ಬಜೆಟ್ಟಿನ ಜೊತೆಗೇ ಸಭೆಯಲ್ಲಿ ಮಂಡಿಸಿ, ಚರ್ಚಿಸಿ, ಠರಾವು ಮಾಡಿ. ಪೌರಕಾರ್ಮಿಕರ ಮತ್ತು ಹೊರಗುತ್ತಿಗೆ ನೌಕರರ ಪಗಾರ, ಅವರ ಕೈಗವಸು ಗಂಬೂಟು, ಕುಡಿಯುವ ನೀರಿನ ಪಂಪುಗಳ ದುರಸ್ತಿ, ಕಸ ವಿಲೇವಾರಿ ಇವುಗಳ ಹಣವನ್ನು ಏಪ್ರಿಲ್‌ನಿಂದ ಮಾರ್ಚ್‌ವರೆಗೆ ತಿಂಗಳುವಾರು ತೆಗೆದಿಟ್ಟು ಬೇರೆ ಯಾವುದಕ್ಕೂ ತಿರುಗಿಸದಂತೆ ಮಾಡಬೇಕು. ನಗರಸಭೆಯ ನಿಧಿಯಲ್ಲಿ ಪರಿಶಿಷ್ಟರಿಗೆ ಮೀಸಲಾದ ಶೇ 24.10, ಇತರೆ ಬಡವರ್ಗದವರ ಶೇ 7.25, ಅಂಗವಿಕಲರ ಶೇ 5 ಕೂಡ ಈ ಮುಟ್ಟಬಾರದ ಪಟ್ಟಿಯಲ್ಲಿರಬೇಕು. ಈ ಪಾಲುಗಳನ್ನು ಉಬ್ಬಿದ ಅಂದಾಜಿನ ಮೇಲೆ ಲೆಕ್ಕ ಹಾಕಿ ದೊಡ್ಡ ಅಂಕಿ ತೋರಿಸಿ, ಕೊನೆಗೆ ಹಣವಿಲ್ಲವೆಂದು ತ್ರಿಚಕ್ರ ವಾಹನದ ಅರ್ಜಿಯನ್ನು ವರ್ಷದಿಂದ ವರ್ಷಕ್ಕೆ ದೂಡುವುದು ನಡೆದಾಡಲಾಗದವರಿಗೆ ಮಾಡುವ ದೊಡ್ಡ ಅನ್ಯಾಯ. ಕಮಾನು, ವೃತ್ತಗಳ ಸೌಂದರ್ಯೀಕರಣ, ಸದಸ್ಯರ ಅಧ್ಯಯನ ಪ್ರವಾಸ, ಇರುವ ಫುಟ್‌ಪಾತ್ ಕಿತ್ತು ಹೊಸ ಪೇವರ್ ಹಾಕುವುದು ಇವೆಲ್ಲ ಅರ್ಧ ವರ್ಷದ ವಸೂಲಿ ನೋಡಿಕೊಂಡು ಅಕ್ಟೋಬರಿನ ನಂತರ ತೀರ್ಮಾನವಾಗಲಿ. ತಮ್ಮ ಪಟ್ಟಿ ನನ್ನದಕ್ಕಿಂತ ಬೇರೆಯಾಗಿರಬಹುದು, ಅದನ್ನು ಒಪ್ಪುತ್ತೇನೆ. ಪಟ್ಟಿಯೊಂದು ಬಹಿರಂಗವಾಗಿ ಇರಬೇಕು, ಅದಕ್ಕೆ ಕೈ ಎತ್ತಿದವರ ಹೆಸರು ನಡವಳಿಯಲ್ಲಿ ದಾಖಲಾಗಬೇಕು ಎಂಬುದರಲ್ಲಿ ಮಾತ್ರ ರಾಜಿ ಇಲ್ಲ.

ಹಣ ಬರುವ ಕಾಲಕ್ಕೂ ಹೋಗುವ ಕಾಲಕ್ಕೂ ಹೊಂದಿಕೆ ಬೇಕು. ಏಪ್ರಿಲ್‌ನಲ್ಲಿ ಶೇ 5ರ ರಿಯಾಯಿತಿ ಇರುವುದರಿಂದ ನಾವು ಬಹಳಷ್ಟು ಜನ ಆಗಲೇ ತೆರಿಗೆ ಕಟ್ಟುತ್ತೇವೆ. ಆ ಎರಡು ಮೂರು ತಿಂಗಳು ಖಾತೆ ತುಂಬಿದಂತೆ ಕಂಡು ಹಳೆಯ ಬಿಲ್ಲುಗಳೆಲ್ಲ ಪಾಸಾಗುತ್ತವೆ. ಜನವರಿಯ ಹೊತ್ತಿಗೆ ಡೀಸೆಲಿಗೂ ತತ್ವಾರ. ರೈತನ ಮನೆಯಲ್ಲಿ ಸುಗ್ಗಿಯ ಕಾಳನ್ನು ಒಮ್ಮೆಗೇ ಮಾರುವುದಿಲ್ಲ, ಮುಂದಿನ ಬೆಳೆ ಬರುವವರೆಗೆ ಉಣ್ಣಲು ಬೇಕಾದಷ್ಟನ್ನು ಹಗೇವಿಗೆ (ಕಾಳು ಕೂಡಿಡುವ ನೆಲದ ಕುಳಿಗೆ) ಹಾಕಿ, ಮೇಲೆ ಮುಚ್ಚಿ, ಆಮೇಲೆ ಉಳಿದದ್ದಕ್ಕೆ ಬೆಲೆ ಕೇಳುತ್ತಾರೆ. ನಗರಸಭೆಯ ಏಪ್ರಿಲ್ ವಸೂಲಿಗೂ ಅಂಥದೊಂದು ಹಗೇವು ಬೇಕು, ಅಂದರೆ ಸಭೆಯ ಠರಾವಿಲ್ಲದೆ ತೆಗೆಯಲಾಗದ ಪ್ರತ್ಯೇಕ ಬ್ಯಾಂಕ್ ಖಾತೆ ಬೇಕು.

ಪೌರಾಯುಕ್ತರಿಗೆ ಒಂದು ಮಾತು. ಲೆಕ್ಕ ಶಾಖೆಯಲ್ಲಿ ಕುರ್ಚಿಗಳಿಗಿಂತ ಕಡಿಮೆ ಜನ ಇದ್ದಾರೆ, ಇರುವವರ ತಲೆಯ ಮೇಲೆ ಚುನಾವಣೆ, ಸಮೀಕ್ಷೆ, ಇ-ಖಾತಾ ಎಂದು ಹತ್ತು ಕೆಲಸಗಳಿವೆ, ಅನುದಾನದ ಆದೇಶ ಯಾವಾಗ ಬರುತ್ತದೆಂದು ತಮಗೂ ತಿಳಿದಿರುವುದಿಲ್ಲ. ಇದನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೇನೆ. ಅನಿಶ್ಚಿತತೆ ತಮ್ಮಿಂದ ಹುಟ್ಟಿದ್ದಲ್ಲ. ಅದು ಇದೆ ಎಂದು ಜನರಿಗೆ ಹೇಳುವುದು ಮಾತ್ರ ತಮ್ಮ ಕೈಯಲ್ಲಿದೆ. ಸದಸ್ಯರಿಗೂ ಒಂದು ಮಾತು. ತಮ್ಮ ವಾರ್ಡಿಗೆ ಹಣ ಹಾಕಿಸದಿದ್ದರೆ ಜನ ಕೇಳುತ್ತಾರೆ ಎಂಬ ಒತ್ತಡ ತಮ್ಮ ಮೇಲಿದೆ. ಆದರೆ ಬಜೆಟ್ ಪುಸ್ತಕದಲ್ಲಿ ಇದ್ದು ನೆಲದ ಮೇಲೆ ಬಾರದ ಗಟಾರಿಗೂ ಅದೇ ಜನ ತಮ್ಮನ್ನೇ ಕೇಳುತ್ತಾರೆ. ನನ್ನ ವಾರ್ಡಿನ ಗಟಾರು ಮೂರು ಬಜೆಟ್ಟುಗಳಲ್ಲಿ ಅಚ್ಚಾಗಿದೆ, ಮೂರು ಮಳೆಗಾಲ ನೀರು ಮನೆಯೊಳಗೆ ಬಂದಿದೆ. ಈ ಸಲ ಆಗುವುದಿಲ್ಲ, ಮುಂದಿನ ವರ್ಷ ಇಷ್ಟು ವಸೂಲಾದರೆ ಆಗುತ್ತದೆ ಎಂದು ನೇರವಾಗಿ ಹೇಳಿದ್ದರೆ ನಾವು ಓಣಿಯವರು ತಾತ್ಕಾಲಿಕವಾಗಿ ಮಣ್ಣಿನ ಒಡ್ಡನ್ನಾದರೂ ಹಾಕಿಕೊಳ್ಳುತ್ತಿದ್ದೆವು.

ಈ ಪತ್ರ ಓದುತ್ತಿರುವ ಊರಿನವರಲ್ಲೂ ಒಂದು ವಿನಂತಿ ಇದೆ. ತೆರಿಗೆ ಕಟ್ಟಿ. ಬಾಡಿಗೆ ಬಾಕಿ ಇಟ್ಟು ನ್ಯಾಯಾಲಯದ ತಡೆಯಾಜ್ಞೆಯ ಹಿಂದೆ ಕುಳಿತ ಮಳಿಗೆಯವರು, ನಾಲ್ಕು ಅಂತಸ್ತು ಕಟ್ಟಿ ಒಂದಕ್ಕೆ ತೆರಿಗೆ ಘೋಷಿಸಿದವರು ನಮ್ಮ ನಡುವೆಯೇ ಇದ್ದಾರೆ. ಪೂರ್ವಭಾವಿ ಸಭೆಗೆ ಬರುವಾಗ ನಮ್ಮ ಓಣಿಗೆ ಏನು ಬೇಕು ಎನ್ನುವುದರ ಜೊತೆಗೆ ಅದಕ್ಕಾಗಿ ಊರು ಯಾವುದನ್ನು ಬಿಡಬೇಕು ಎನ್ನುವುದನ್ನೂ ಯೋಚಿಸಿಕೊಂಡು ಬರೋಣ.

ಎರಡನೆಯ ಪೂರ್ವಭಾವಿ ಸಭೆ ಫೆಬ್ರುವರಿಯಲ್ಲಿ ಇದೆ ಎಂದು ತಿಳಿಸಿದ್ದೀರಿ. ಅದಕ್ಕೆ ಒಂದು ವಾರ ಮುಂಚೆ, ಕಳೆದ ಮೂರು ವರ್ಷ ಪ್ರತಿ ಬಾಬತ್ತಿನಲ್ಲಿ ಅಂದಾಜು ಎಷ್ಟಿತ್ತು, ನಿಜವಾಗಿ ಬಂದದ್ದೆಷ್ಟು, ಈ ದಿನಕ್ಕೆ ಕೊಡಬೇಕಾದ ಬಿಲ್ಲು ಮತ್ತು ಪಗಾರದ ಬಾಕಿ ಎಷ್ಟು ಎಂಬ ಒಂದೇ ಹಾಳೆಯನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿ ನಗರಸಭೆಯ ಹೊರಗಿನ ಸೂಚನಾ ಫಲಕಕ್ಕೆ ಅಂಟಿಸಿ. ಪ್ರತಿ ಮೂರು ತಿಂಗಳಿಗೊಮ್ಮೆ ಅದನ್ನು ಬದಲಿಸಿ. ಆ ಹಾಳೆ ತಯಾರಿಸಲು ಲೆಕ್ಕ ಶಾಖೆಗೆ ಕೈ ಸಾಲದಿದ್ದರೆ ನನ್ನಂಥ ನಿವೃತ್ತರು ಮೂರು ನಾಲ್ಕು ಜನ ಯಾವ ಸಂಭಾವನೆಯೂ ಇಲ್ಲದೆ ಬಂದು ಕುಳಿತು ಬರೆದುಕೊಡಲು ಸಿದ್ಧರಿದ್ದೇವೆ. ತಾವು ದಿನ ತಿಳಿಸಿದರೆ ಸಾಕು, ಕನ್ನಡಕ ಮತ್ತು ಪೆನ್ನು ತೆಗೆದುಕೊಂಡು ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಗರಸಭೆಯ ಒಬ್ಬ ತೆರಿಗೆದಾರ, ನಿವೃತ್ತ ಲೆಕ್ಕಿಗ
ಜನವರಿ 2026